ಮೂರ್ಖರ ಕ್ಲಬ್ ಕಟ್ಟಿದ ಲೀಗು

ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡುವವರ ತಲೆಕೆಡಿಸುವುದು ಆಟದ ನಿಯಮಕ್ಕಿಂತ ತಂಡಗಳ ಪಟ್ಟಿ. ಅಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಒಳಗೇ ಎಎಫ್‌ಸಿ, ಎನ್‌ಎಫ್‌ಸಿ ಎಂಬ ಎರಡು ಪಾಲು. ನ್ಯೂಯಾರ್ಕಿನ ಹೆಸರು ಹೊತ್ತ ಎರಡು ತಂಡಗಳಲ್ಲಿ ಒಂದು ಅತ್ತ, ಒಂದು ಇತ್ತ. ಅಕ್ಕಪಕ್ಕದ ಎರಡು ಮನೆ ಒಂದಾದಾಗ ನಡುಗೋಡೆ ಕೆಡವದೆ ಬಿಟ್ಟ ಹಾಗೆ.

1920ರಲ್ಲಿ ಹುಟ್ಟಿದ ಎನ್‌ಎಫ್‌ಎಲ್‌ನಲ್ಲಿ 1959ರ ಹೊತ್ತಿಗೆ ಇದ್ದದ್ದು 12 ತಂಡ. ಒಳಬರಲು ಹಣವಿದ್ದರೆ ಸಾಲದು, ಒಳಗಿನವರ ಮನಸ್ಸೂ ಬೇಕಿತ್ತು. ಟೆಕ್ಸಾಸಿನ ತೈಲ ಕುಬೇರನ ಮಗ, ಇನ್ನೂ ಮೂವತ್ತು ತುಂಬದ ಲಮಾರ್ ಹಂಟ್, ಷಿಕಾಗೋ ಕಾರ್ಡಿನಲ್ಸ್ ತಂಡವನ್ನು ಕೊಳ್ಳಲು ಹೋಗಿ ಬರಿಗೈಲಿ ಹಿಂತಿರುಗಿದ. ಅದೇ ತಂಡ ಕೇಳಲು ಬೇರೆ ಊರಿನ ಶ್ರೀಮಂತರೂ ಬಂದುಹೋಗಿದ್ದರು. ಅವರನ್ನೆಲ್ಲ ಸೇರಿಸಿದರೆ ಇನ್ನೊಂದು ಲೀಗೇ ಆಗುತ್ತದಲ್ಲ ಎಂಬ ಲೆಕ್ಕ ವಾಪಸು ಬರುವ ವಿಮಾನದಲ್ಲಿ ಹೊಳೆಯಿತು. ವಿಮಾನದವರೇ ಕೊಟ್ಟ ಕಾಗದದ ಮೇಲೆ ಗೀಚಿಕೊಂಡ.

ಹೀಗೆ ಎಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಎಂಬ ಹೊಸ ಲೀಗಿಗೆ ಸೇರಿದವರು ತೈಲದ ಬಡ್ ಆಡಮ್ಸ್, ಹೋಟೆಲ್ ಮನೆತನದ ಬ್ಯಾರನ್ ಹಿಲ್ಟನ್, ರೇಡಿಯೋ ವೀಕ್ಷಕ ವಿವರಣೆಗಾರ ಹ್ಯಾರಿ ವಿಸ್ಮರ್, ಬಫಲೋಗೆ ರಾಲ್ಫ್ ವಿಲ್ಸನ್, ಬಾಸ್ಟನ್‌ಗೆ ಬಿಲ್ಲಿ ಸಲಿವನ್ ಮುಂತಾದವರು. ಕಮಿಷನರ್ ಆಗಿ ಬಂದವರು ಯುದ್ಧವಿಮಾನದ ವೀರ, ದಕ್ಷಿಣ ಡಕೋಟದ ಮಾಜಿ ರಾಜ್ಯಪಾಲ ಜೋ ಫಾಸ್. ಹಣ ಸುರಿಯುವುದನ್ನು ನೋಡಿ ಓಕ್ಲೆಂಡಿನ ಪಾಲುದಾರ ವೇಯ್ನ್ ವ್ಯಾಲಿ ತಮ್ಮ ಗುಂಪಿಗೇ ‘ಮೂರ್ಖರ ಕ್ಲಬ್’ ಎಂದು ಹೆಸರಿಟ್ಟ.

ಬಾಗಿಲು ಮುಚ್ಚಿಕೊಂಡಿದ್ದ ಹಳೆಯ ಲೀಗಿಗೆ ಆಗ ದಿಢೀರನೆ ವಿಸ್ತರಣೆಯ ಉತ್ಸಾಹ ಬಂತು. ಹಂಟ್‌ನ ಊರು ಡಲಾಸ್‌ನಲ್ಲೇ ಅದರ ಕೌಬಾಯ್ಸ್ ತಂಡ ಎದ್ದಿತು. ಹೊಸ ಲೀಗಿನ ಜತೆಗಿದ್ದ ಮಿನಿಯಾಪೊಲಿಸ್ ಗುಂಪಿಗೂ ಆಹ್ವಾನ ಹೋಯಿತು. ಅವರು ಮೊದಲ ಪಂದ್ಯಕ್ಕೆ ಮುಂಚೆಯೇ ಆಚೆ ದಾಟಿದರು. ಆ ಜಾಗಕ್ಕೆ ಓಕ್ಲೆಂಡ್ ಬಂತು.

ಉಳಿಸಿದ್ದು ಟಿವಿ. 1960ರಲ್ಲಿ ಎಬಿಸಿ ಕೊಟ್ಟ ಹಣವನ್ನು ಎಂಟೂ ತಂಡಗಳು ಸಮನಾಗಿ ಹಂಚಿಕೊಂಡವು. ಬಫಲೋದಂಥ ಸಣ್ಣ ಊರಿಗೂ ನ್ಯೂಯಾರ್ಕಿನಷ್ಟೇ ಪಾಲು. ಆಟಗಾರರ ಜಾಣ್ಮೆ ಎಷ್ಟೇ ಇರಲಿ, ಈ ಮಾಲೀಕರ ನಿಜವಾದ ಶೋಧ ಇದೇ. ಪರಸ್ಪರ ನೆಚ್ಚಿದ್ದರಿಂದ ಹುಟ್ಟಿದ್ದಲ್ಲ. ಒಬ್ಬ ಮುಳುಗಿದರೆ ಎಲ್ಲರೂ ಮುಳುಗುವ ಭಯದಿಂದ. ಆದರೂ ವಿಸ್ಮರ್‌ನ ನ್ಯೂಯಾರ್ಕ್ ಟೈಟನ್ಸ್‌ನಲ್ಲಿ ಸಂಬಳದ ಚೆಕ್ಕುಗಳು ಬೌನ್ಸ್ ಆದವು, ಕೊನೆಗೆ ಲೀಗೇ ಸಂಬಳ ಕೊಟ್ಟಿತು. 1963ರಲ್ಲಿ 10 ಲಕ್ಷ ಡಾಲರಿಗೆ ಕೈ ಬದಲಾಗಿ ಅದು ಜೆಟ್ಸ್ ಆಯಿತು. ಹಂಟ್ ಕೂಡ 1962ರ ಚಾಂಪಿಯನ್‌ಶಿಪ್ ಗೆದ್ದ ತನ್ನ ತಂಡವನ್ನು ಕಟ್ಟಿಕೊಂಡು ಡಲಾಸ್ ಬಿಟ್ಟು ಕಾನ್ಸಸ್ ಸಿಟಿಗೆ ಹೋದ. ಗೆದ್ದ ತಂಡಕ್ಕೆ ಚಪ್ಪಾಳೆ ತಟ್ಟಿದ ಊರಿನವರನ್ನು ಯಾರೂ ಕೇಳಲಿಲ್ಲ.

ಮುಂದಿನದು ಬೇಗ ನಡೆಯಿತು. ಟಿವಿ ಜಾಲ ಎನ್‌ಬಿಸಿಯ ಜತೆ 3.6 ಕೋಟಿ ಡಾಲರ್ ಒಪ್ಪಂದ, 1965ರಲ್ಲಿ ಜೆಟ್ಸ್‌ನ ಹೊಸ ಆಟಗಾರ ಜೋ ನೇಮತ್‌ಗೆ 4,27,000 ಡಾಲರ್, ಆಟಗಾರರಿಗಾಗಿ ಎರಡೂ ಕಡೆಯವರ ಹರಾಜು. ಆಟಗಾರರ ಕಿಸೆ ತುಂಬತೊಡಗಿದಾಗಲೇ ಮಾಲೀಕರಿಗೆ ರಾಜಿಯ ನೆನಪಾದದ್ದು ಕಾಕತಾಳೀಯವಿರಲಾರದು. 1966ರ ಏಪ್ರಿಲ್‌ನಲ್ಲಿ ಹಂಟ್, ಕೌಬಾಯ್ಸ್‌ನ ಮ್ಯಾನೇಜರ್ ಟೆಕ್ಸ್ ಶ್ರಾಮ್ ಇಬ್ಬರೂ ಡಲಾಸ್ ವಿಮಾನ ನಿಲ್ದಾಣದ ಹೊರಗೆ ಕಾರೊಳಗೆ ಕೂತು ಗುಟ್ಟಾಗಿ ಮಾತಾಡಿದರು. ಜೂನ್ 8ರಂದು ವಿಲೀನದ ಘೋಷಣೆ. ಎಎಫ್‌ಎಲ್ ತಂಡಗಳು 1.8 ಕೋಟಿ ಡಾಲರ್ ಕಟ್ಟಬೇಕಾಯಿತು. ಬಂಡಾಯವೇ ಪ್ರವೇಶ ಶುಲ್ಕವಾಗಿತ್ತು. 1970ರಲ್ಲಿ ಲೀಗು ಒಂದಾದಾಗ ಎಎಫ್‌ಎಲ್ ತಂಡಗಳೇ ಎಎಫ್‌ಸಿ ಆದವು, ಹಳೆಯ ಕಡೆಯಿಂದ ಮೂರು ತಂಡ ಬಂದು ಅದನ್ನು ಸೇರಿದವು.

ಅದೇ ವರ್ಷದ ಜನವರಿಯಲ್ಲಿ, ಎರಡೂ ಲೀಗುಗಳ ಚಾಂಪಿಯನ್ನರು ಎದುರಾಗುವ ಸೂಪರ್ ಬೌಲ್‌ನಲ್ಲಿ ಎಎಫ್‌ಎಲ್ ಹೆಸರಲ್ಲಿ ಕೊನೆಯ ಸಲ ಆಡಿದ ಹಂಟ್‌ನ ಕಾನ್ಸಸ್ ಸಿಟಿ ಚೀಫ್ಸ್ ತಂಡ 23-7ರಿಂದ ಗೆದ್ದಿತು. ಸೋತವರು ಹತ್ತು ವರ್ಷ ಹಿಂದೆ ಎದ್ದುಹೋಗಿದ್ದ ಆ ಮಿನಿಯಾಪೊಲಿಸ್ ಗುಂಪಿನ ವೈಕಿಂಗ್ಸ್.