ಐಫೋನ್‌ ಆ್ಯಪ್‌ಗಳ ಮೆಮೊರಿಯನ್ನು ತಾನಾಗಿ ನಿಭಾಯಿಸುವ ಎಆರ್‌ಸಿ ಬಂದ ಮೇಲೂ ಮೆಮೊರಿ ಎಚ್ಚರಿಕೆ ಯಾಕೆ ಉಳಿಯಿತು?

2007ರ ಮೊದಲ ಐಫೋನ್‌ನಲ್ಲಿ ಇದ್ದ ರ‍್ಯಾಮ್ ಬರೀ 128 ಎಂಬಿ. ಜಾಗ ಸಾಲದಾದಾಗ ಕಂಪ್ಯೂಟರ್‌ಗಳು ಡಿಸ್ಕ್‌ನ ಸ್ವಾಪ್ ಜಾಗಕ್ಕೆ ಮೊರೆ ಹೋಗುತ್ತವೆ. ಐಫೋನ್‌ನಲ್ಲಿ ಆ ದಾರಿಯಿರಲಿಲ್ಲ. ಹಾಗಾಗಿ ಸಿಸ್ಟಮ್ ಆ್ಯಪ್‌ಗೆ ಮೊದಲು ಎಚ್ಚರಿಕೆ ಕೊಡುತ್ತಿತ್ತು, ಪರಿಸ್ಥಿತಿ ಸುಧಾರಿಸದಿದ್ದರೆ ಮುಚ್ಚಿಬಿಡುತ್ತಿತ್ತು.

ಆಗ ಮೆಮೊರಿಯಲ್ಲಿನ ವಸ್ತುವನ್ನು ಹಿಡಿದುಕೊಳ್ಳುವ ರಿಟೇನ್, ಬಿಟ್ಟುಕೊಡುವ ರಿಲೀಸ್ ಎಲ್ಲವನ್ನೂ ಡೆವಲಪರೇ ಬರೆಯಬೇಕಿತ್ತು. ಎಚ್ಚರಿಕೆ ಬಂದಾಗ, ಆ ಹೊತ್ತಿಗೆ ಕಾಣದಿರುವ ಪರದೆಗಳ ವ್ಯೂಗಳನ್ನು (ಪರದೆಯ ಮೇಲೆ ಕಾಣುವ ಭಾಗಗಳನ್ನು) ಸಿಸ್ಟಮ್ ತೆಗೆದುಹಾಕುತ್ತಿತ್ತು. 2009ರಲ್ಲಿ ಇದಕ್ಕೆಂದೇ 'ವ್ಯೂಡಿಡ್ಅನ್‌ಲೋಡ್' ಮೆಥಡ್ ಬಂತು. ಬಟನ್, ಲೇಬಲ್‌ಗಳನ್ನು ಹಿಡಿದುಕೊಂಡಿದ್ದರೆ ಅಲ್ಲಿ ಬಿಡಬೇಕು. ಒಂದನ್ನು ಮರೆತರೂ ಅಷ್ಟು ಜಾಗ ವಾಪಸ್ ಸಿಗದು. ಎಲ್ಲವನ್ನೂ ಸರಿಯಾಗಿ ಬಿಟ್ಟರೆ ಬೇರೆಯದೇ ತಲೆನೋವು: ಅರ್ಧ ತುಂಬಿದ ಫಾರ್ಮ್‌ನಿಂದ ಕ್ಯಾಮೆರಾಗೆ ಹೋಗಿ ಫೋಟೊ ತೆಗೆದು ಬರುವಷ್ಟರಲ್ಲಿ ಎಚ್ಚರಿಕೆ ಬಂದಿದ್ದರೆ ಫಾರ್ಮ್ ಖಾಲಿ! ಕಂಪ್ಯೂಟರ್‌ನಲ್ಲೇ ಐಫೋನ್‌ನಂತೆ ನಡೆಯುವ ಸಿಮ್ಯುಲೇಟರ್‌ನ ಮೆನುವಿನಲ್ಲಿ ಸುಮ್ನೆ ಒಂದು ಹುಸಿ ಎಚ್ಚರಿಕೆ ಕೊಟ್ಟು ನೋಡದಿದ್ದರೆ ಇಂಥ ಬಗ್ ಕಣ್ಣಿಗೇ ಬೀಳುತ್ತಿರಲಿಲ್ಲ.

2011ರಲ್ಲಿ ಎಆರ್‌ಸಿ, ಅಂದರೆ ಆಟೊಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್, ಬಂತು. ರಿಟೇನ್, ರಿಲೀಸ್ ಸೇರಿಸುವ ಕೆಲಸ ಕಂಪೈಲರ್ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಸಾಧನ) ಪಾಲಾಯಿತು. ಇನ್ನು ಎಚ್ಚರಿಕೆಯ ಗೋಜೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಯಾರೂ ಹಿಡಿದುಕೊಳ್ಳದ ವಸ್ತುವನ್ನಷ್ಟೇ ಎಆರ್‌ಸಿ ಬಿಡುತ್ತದೆ. ಎಚ್ಚರಿಕೆ ಕೇಳುವುದು ನಾವಾಗಿಯೇ ಹಿಡಿದಿಟ್ಟಿರುವುದನ್ನು. 4000 × 3000 ಪಿಕ್ಸೆಲ್‌ನ ಫೋಟೊ ಫೈಲ್ ಆಗಿ ಕೆಲವೇ ಎಂಬಿ ಇರಬಹುದು. ತೋರಿಸಲು ಬಿಡಿಸಿದರೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ, 48 ಎಂಬಿ. ಅದು ಕ್ಯಾಶ್‌ನಲ್ಲಿ (ಮತ್ತೆ ಬೇಕಾದೀತೆಂದು ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಜಾಗದಲ್ಲಿ) ಇರಬೇಕೋ ಬೇಡವೋ ಅನ್ನುವುದು ಕಂಪೈಲರ್‌ಗೆ ಹೇಗೆ ಗೊತ್ತಾಗಬೇಕು?

2012ರ ಐಓಎಸ್ 6 'ವ್ಯೂಡಿಡ್ಅನ್‌ಲೋಡ್'ಗೆ ವಿದಾಯ ಹೇಳಿತು. ವ್ಯೂ ಚಿಕ್ಕದು, ಜಾಗ ತಿನ್ನುವುದು ಅದರ ಬಿಟ್‌ಮ್ಯಾಪ್, ಅಂದರೆ ಪಿಕ್ಸೆಲ್‌ಗಳ ಚಿತ್ರ. ಅದನ್ನು ಸಿಸ್ಟಮ್ ತಾನೇ ವಾಪಸ್ ಪಡೆದು, ಬೇಕಾದಾಗ ಮತ್ತೆ ರಚಿಸಿಕೊಳ್ಳುತ್ತದೆ. ಇಡೀ ಕಥೆಯಲ್ಲಿ ನನಗೆ ತುಂಬಾ ಜಾಣತನದ್ದು ಅನ್ನಿಸುವ ನಿರ್ಧಾರ ಇದು.

ಐಓಎಸ್ 7ರಲ್ಲಿ ಬಳಸದ ಮೆಮೊರಿಯನ್ನು ಕುಗ್ಗಿಸಿಡುವ ಪದ್ಧತಿ ಬಂದ ಮೇಲೆ ಮಜವಾದ ಪೇಚು ಶುರುವಾಯಿತು. ಎಚ್ಚರಿಕೆ ಬಂತೆಂದು ಡಿಕ್ಷನರಿ ಎಂಬ ಸಾದಾ ಪಟ್ಟಿಯಲ್ಲಿಟ್ಟ ಹಳೆಯ ಕ್ಯಾಶನ್ನು ಖಾಲಿ ಮಾಡಲು ಹೋದರೆ, ಮುಟ್ಟಿದ್ದಕ್ಕೇ ಅದು ಮತ್ತೆ ಹಿಗ್ಗುತ್ತದೆ. ಜಾಗವೇ ಇಲ್ಲದ ಹೊತ್ತಲ್ಲಿ ಬಳಕೆ ಇನ್ನೂ ಜಾಸ್ತಿ! ಕ್ಯಾಶ್‌ಗೆ, ಜಾಗ ಸಾಲದಾದಾಗ ತಾನೇ ಖಾಲಿಯಾಗಬಲ್ಲ ಎನ್ಎಸ್‌ಕ್ಯಾಶ್ ಬಳಸಿ ಅನ್ನುವುದು ಇದಕ್ಕೇ.

ಆಂಡ್ರಾಯ್ಡ್‌ನಲ್ಲಿ ಮೊದಲಿನಿಂದಲೂ ಬೇಡದ ವಸ್ತುಗಳನ್ನು ತಾನೇ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇತ್ತು, ಆದರೂ ಮೆಮೊರಿ ಸಾಲದೆಂದು ಎಚ್ಚರಿಸುವ 'ಆನ್‌ಲೋಮೆಮೊರಿ' ಬೇಕಾಯಿತು. 2011ರ ಆಂಡ್ರಾಯ್ಡ್ 4.0 'ಆನ್‌ಟ್ರಿಮ್‌ಮೆಮೊರಿ' ಮೂಲಕ ಎಚ್ಚರಿಕೆಯನ್ನು ಹಂತಗಳಾಗಿ ಒಡೆಯಿತು. ಆ್ಯಪ್ ಪರದೆಯ ಮೇಲಿರುವಾಗ ಬರುತ್ತಿದ್ದ ಹಂತಗಳು ಆಂಡ್ರಾಯ್ಡ್ 14ರಿಂದ ಬರುವುದೇ ಇಲ್ಲ. ಹಾಗಾಗಿ ಕ್ಯಾಶನ್ನು ಇಳಿಸುವ ಕೋಡ್ ಈಗ ಆ್ಯಪ್ ಪರದೆಯಿಂದ ಸರಿದಾಗ ಬರುವ ಸೂಚನೆಗೆ ಅಂಟಿಕೊಂಡಿರಬೇಕು.