ಮುಡಿಯ ಲೆಕ್ಕ

ಉಡುಪಿಯಲ್ಲಿ ಕುಳಿತು ನಿಘಂಟಿನ ಕೆಲಸ ಮಾಡುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ: ‘ಈ ಪದ ಈಗ ಯಾರ ಬಾಯಲ್ಲಿದೆ? ತೆಗೆದುಬಿಡಬಾರದೇ?’ ತೆಗೆಯುವ ಮೊದಲು ಅದು ಬರಹಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಆ ಎಣಿಕೆ ತೋರುವಷ್ಟು ಸುಲಭವಲ್ಲ.

‘ಮುಡಿ’ಯನ್ನೇ ನೋಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ, ನಮ್ಮಲ್ಲಿ 42 ಸೇರಿನ ಲೆಕ್ಕ. ಸೇರು ಹೋಗಿ ಕಿಲೋ ಬಂದ ಮೇಲೆ ಅಂಗಡಿಗಳಲ್ಲಿ ಮುಡಿ ಮರೆಯಾಯಿತು. ಆದರೆ ಕಂಪ್ಯೂಟರಿಗೆ ಹುಡುಕಲು ಹೇಳಿದರೆ ಹೂವಿಟ್ಟ ಮುಡಿಯೂ ತಿರುಪತಿಯಲ್ಲಿ ಕೊಟ್ಟ ಮುಡಿಯೂ ಅದೇ ರಾಶಿಗೆ ಬೀಳುತ್ತವೆ. ಅತ್ತ ‘ಅಕ್ಕಿಮುಡಿ’, ‘ಮುಡಿಯಕ್ಕಿ’ ಲೆಕ್ಕದಿಂದ ಜಾರುತ್ತವೆ. ಹಳೆಯ ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿದರೆ ಯಂತ್ರ ಎಷ್ಟೋ ಸಲ ‘ಮ’ವನ್ನು ‘ವು’ ಎಂದು ಓದುತ್ತದೆ. ಕಣ್ಣೆದುರಿಗಿರುವ ಪದವೇ ಸಿಗುವುದಿಲ್ಲ. ಆದ್ದರಿಂದ ಸಾಲು ಸಾಲಾಗಿ ಓದಿ, ಅರ್ಥ ಬೇರ್ಪಡಿಸಿ, ಹತ್ತು ಲಕ್ಷ ಪದಗಳಿಗೆ ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕುತ್ತೇನೆ. ಹಾಗೆ ಮಾಡದಿದ್ದರೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟ ಕಾಲದ ಅಲ್ಪಸ್ವಲ್ಪ ಅಚ್ಚಿನ ಮುಂದೆ ಇಂದಿನ ಮುದ್ರಣದ ರಾಶಿಯಲ್ಲಿ ಪ್ರತಿಯೊಂದು ಪದವೂ ಬೆಳೆದಂತೆಯೇ ಕಾಣುತ್ತದೆ.

ಉಡುಪಿಯ ಕೃಷ್ಣಮಠದ ಪೂಜೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯಕ್ಕೆ ಮುನ್ನ, ಅಕ್ಕಿಮುಡಿಗಳನ್ನು ಪೂಜಿಸುವ ಅಕ್ಕಿ ಮುಹೂರ್ತ ಬಂತೆಂದರೆ ಪತ್ರಿಕೆಗಳಲ್ಲಿ ಮುಡಿ ತಲೆಯೆತ್ತುತ್ತದೆ. ಅದು ಅಡುಗೆಮನೆಗೆ ಮರಳಿತೆಂದು ಅದರ ಅರ್ಥವಲ್ಲ. ಹಿಂದೆ ಅಳತೆ, ಈಗ ಆಚರಣೆ ಎಂದು ನಿಘಂಟಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಇನ್ನು ಗೇಣಿಯ ಮಾತು. ‘ಚಾಲಗೇಣಿ’, ಅಂದರೆ ಒಡೆಯ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿ, ಕರಾವಳಿಯ ಅನ್ನದ ಜೊತೆ ಹೆಣೆದುಕೊಂಡಿದ್ದ ಪದ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಒಕ್ಕಲುಗಳು ಡಿಕ್ಲರೇಷನ್ (ತಾವು ಉಳುವ ಭೂಮಿಯ ಒಡೆತನ ಕೋರುವ ಅರ್ಜಿ) ಕೊಟ್ಟು ಭೂಮಿಯ ಒಡೆಯರಾದ ಮೇಲೆ ಆ ಪದಕ್ಕೆ ಕೆಲಸವೇ ಉಳಿಯಲಿಲ್ಲ. ಅದು ಮರೆಯಾದದ್ದಕ್ಕೆ ನನಗೆ ದುಃಖವಿಲ್ಲ. ಅದರ ಒಡಹುಟ್ಟಾದ ‘ಮೂಲಗೇಣಿ’, ಅಂದರೆ ಶಾಶ್ವತ ಗೇಣಿ, ಮಾತ್ರ ಮಂಗಳೂರಿನ ನಿವೇಶನದ ಪತ್ರಗಳಲ್ಲಿ ಉಳಿಯಿತು. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರಲ್ಲಿ ಬೇರೆ ಕಾಯ್ದೆಯೇ ಬಂತು. ಕಥೆ ಕಾದಂಬರಿಗಳನ್ನಷ್ಟೇ ಎಣಿಸುವವರು ಎರಡನ್ನೂ ಒಂದೇ ಸಾಲಿನಲ್ಲಿ ಸತ್ತ ಪದಗಳೆಂದು ಬರೆದುಬಿಡುತ್ತಾರೆ. ವಕೀಲರ ಕಚೇರಿಯಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ತಮ್ಮ ಮನೆಯ ಗೇಣಿ ಲೆಕ್ಕದ ಪುಸ್ತಕ ತಂದಿದ್ದರು. ಅಂಚು ಗೆದ್ದಲು ತಿಂದಿತ್ತು. ಪುಟದ ತುಂಬ ಕಪ್ಪು ಶಾಯಿಯಲ್ಲಿ ‘ಮು 3, ಸೇ 14’, ‘ಮು 5’ ಎಂಬ ಸಾಲುಗಳು. ಇಡೀ ಪುಸ್ತಕದಲ್ಲಿ ‘ಮುಡಿ’ ಎಂದು ಪೂರ್ತಿಯಾಗಿ ಒಮ್ಮೆಯೂ ಬರೆದಿರಲಿಲ್ಲ. ದಿನ ಬೆಳಗಾದರೆ ಬಳಸುವ ಪದವನ್ನು ಪೂರ್ತಿ ಬರೆಯುವ ಅಗತ್ಯ ಯಾರಿಗಿತ್ತು?

ಅಂಥ ಪುಸ್ತಕಗಳು ಈಗ ಗುಜರಿಗೆ ಹೋಗುತ್ತಿವೆ. ನಿಮ್ಮ ಮನೆಯ ಅಟ್ಟದಲ್ಲೂ ಇದ್ದರೆ ದಯವಿಟ್ಟು ಮೊದಲು ಪುಟಗಳ ಫೋಟೊ ತೆಗೆದಿಡಿ. ಮೇಲಿನ ತಾರೀಕಿನ ಸಾಲನ್ನು ಬಿಡಬೇಡಿ. ವರ್ಷ ತಿಳಿಯದ ಪದವನ್ನು ಯಾವ ಕಾಲದ ಲೆಕ್ಕಕ್ಕೂ ಸೇರಿಸಲು ನನ್ನಿಂದಾಗದು.