ದಿನಕ್ಕೆ ಹತ್ತು ರೂಪಾಯಿಯ ಬೆಳಕು

ಏಪ್ರಿಲ್ ಬಂತೆಂದರೆ ಮಂಗಳೂರಿನಲ್ಲಿ ಮಾತು ಶುರುವಾಗುವುದೇ ಸೆಕೆಯಿಂದ. ಮೊದಲು ಫ್ಯಾನ್ ಸಾಕಿತ್ತು, ಈಗ ಕೋಣೆಗೊಂದು ಎಸಿ. ಹಳ್ಳಿಗಳಲ್ಲಿ ಅದೇ ಹೊತ್ತಿಗೆ ಅಡಿಕೆ ತೋಟದ ಪಂಪುಗಳು ಓಡುತ್ತವೆ. ಹೊಳೆಯಲ್ಲಿ ನೀರು ಇಳಿದಾಗಲೇ ಇಲ್ಲಿ ಕರೆಂಟು ಕೊಡುವ ಮೆಸ್ಕಾಂಗೆ ಬೇಡಿಕೆ ಏರುತ್ತದೆ.

ಬಹುಕಾಲ ನಾವು ನೀರನ್ನೇ ನಂಬಿದ್ದೆವು. ಜೋಗ, ಶರಾವತಿ, ಆಮೇಲೆ ನಮ್ಮದೇ ಹೊಸಂಗಡಿಯಲ್ಲಿ ನೆಲದಡಿಯ ವಾರಾಹಿ ಪವರ್‌ಹೌಸ್. ಅದು ಸಾಲದೆ ಹೋದಾಗ, ಕಲ್ಲಿದ್ದಲು ಸ್ಥಾವರ ಕಟ್ಟಲೆಂದು ಕಣ್ಣು ಬಿದ್ದದ್ದು ಉಡುಪಿ ಜಿಲ್ಲೆಯ ನಂದಿಕೂರಿನ ಮೇಲೆ. ಜನರ ವಿರೋಧ, ಕೋರ್ಟು ಎಂದು ಸುತ್ತಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1999ರಲ್ಲಿ ಹಿಂದೆ ಸರಿಯಿತು. ಆದರೂ 2010ರಲ್ಲಿ ಅಲ್ಲೇ ಪಕ್ಕದ ಎಲ್ಲೂರಿನಲ್ಲಿ ಬೇರೆ ಕಂಪನಿಯ ಕಲ್ಲಿದ್ದಲು ಸ್ಥಾವರ ಶುರುವಾಯಿತು. ಈಗ ಅದು 1,200 ಮೆಗಾವ್ಯಾಟಿನದು. ಕಲ್ಲಿದ್ದಲು ವಿದೇಶದಿಂದ ಹಡಗಿನಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ ಬಂದು, ಅಲ್ಲಿಂದ ರೈಲು ಹತ್ತುತ್ತದೆ. ಇಂಥದ್ದಕ್ಕೆ ಸಾವಿರಾರು ಕೋಟಿ ಸಾಲ ಹುಟ್ಟುತ್ತದೆ. ಬಡವರ ಮನೆಯ ಸೋಲಾರ್ ದೀಪಕ್ಕೆ ಕೆಲವು ಸಾವಿರ ಹುಟ್ಟುವುದು ಕಷ್ಟ. ವಿಚಿತ್ರ ಅಲ್ವಾ?

ಈ ಗಂಟು ಸಡಿಲಿಸಿದ್ದರಲ್ಲಿ ನಮ್ಮ ಕಡೆಯವರ ಪಾಲು ಜಾಸ್ತಿ. ಉಡುಪಿ ಜಿಲ್ಲೆ ಮೂಲದ ಹರೀಶ್ ಹಂದೆ 1995ರಲ್ಲಿ ಬಡವರ ಮನೆಗೂ ಸೋಲಾರ್ ದೀಪ ಮುಟ್ಟಿಸುವ ಸೆಲ್ಕೋ ಕಂಪನಿ ಕಟ್ಟಿದರು. ಅವರು ಆಗಾಗ ಹೇಳುವ ಒಂದು ಕಥೆಯಿದೆ. ಬೀದಿ ವ್ಯಾಪಾರದ ಹೆಂಗಸಿಗೆ ತಿಂಗಳಿಗೆ 300 ರೂಪಾಯಿ ಕಂತು ಭಾರವಂತೆ, ದಿನಕ್ಕೆ 10 ಆದರೆ ಅಡ್ಡಿಯಿಲ್ಲವಂತೆ. ಮೊತ್ತ ಒಂದೇ! ಆದರೆ ಅವರ ಕೈಗೆ ದುಡ್ಡು ಬರುವುದು ದಿನದಿನ. ಉಡುಪಿಯವರಿಗೆ ಇದು ಹೊಸ ಪಾಠವೇನಲ್ಲ. ಇಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿತ್ತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಸೋಲಾರ್ ಸಾಲದ ಬಡ್ಡಿ ಇಳಿಸಿತು. ಸಹಾಯ ಕೊಟ್ಟದ್ದು ದೀಪದ ಬೆಲೆಗಲ್ಲ, ಬಡ್ಡಿಗೆ. ಅದನ್ನೂ ನಿಧಾನವಾಗಿ ಕಡಿಮೆ ಮಾಡುತ್ತ ಬಂದರು. ಸಾಲ ಕೊಡುವುದು ಬ್ಯಾಂಕುಗಳಿಗೆ ರೂಢಿಯಾಗಲಿ ಎಂಬುದೇ ಅದರ ಲೆಕ್ಕ. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಬ್ಯಾಂಕಿನವರಿಗೇ ಈ ವಿಷಯದಲ್ಲಿ ತರಬೇತಿ ಕೊಟ್ಟಿತು.

ಈಗಿನದು ಮಾಡಿನ ಮೇಲಿನ ಸೋಲಾರ್. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಅಡವಿಲ್ಲದ ಸಾಲವೂ ಇದೆ. ಆದರೆ 2023ರಿಂದ ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಸೊನ್ನೆ ಬಿಲ್ ಬರುವ ಮನೆಯವರು ಸಾಲ ಮಾಡಿ ಸುಮ್ನೆ ಪ್ಯಾನಲ್ ಯಾಕೆ ಹಾಕಿಸುತ್ತಾರೆ? ಹಾಗಾಗಿ ಇದು ಹೆಚ್ಚಾಗಿ ಎಸಿ ಇರುವವರ ಮನೆಗೇ ಹೋಗುತ್ತದೆ ಎನ್ನುವುದು ನನ್ನ ಅನುಮಾನ.

ಅವರ ಎಸಿ ಜೋರಾಗಿ ಓಡುವುದಾದರೂ ಹೊತ್ತು ಮುಳುಗಿದ ಮೇಲೆ. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಬ್ಯಾಟರಿ ಬೇಕು. ಬ್ಯಾಟರಿಗೆ ಈ ಸಬ್ಸಿಡಿ ಸಿಗುವುದಿಲ್ಲ.